ತಾಮ್ರದ ಅಂಟು

ಲ್ಯಾಬಿನ ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ಮೊದಲು ಹೇಳಬೇಕಾದದ್ದು ವಾಸನೆಯ ವಿಷಯ. ಗಂಧಕ ಇರುವ ಪುಟ್ಟ ಅಣುಗಳು ನಮ್ಮೆಲ್ಲರ ಮೈಯೊಳಗೂ ಇವೆ. ಸಿಸ್ಟೀನ್ ಒಂದು, ಗ್ಲುಟಥಯೋನ್ ಇನ್ನೊಂದು. ಇವನ್ನು ಒಟ್ಟಾಗಿ ಥಯಾಲ್ ಎನ್ನುತ್ತಾರೆ. ಮೈಯೊಳಗೆ ಇರುವಷ್ಟು ಹೊತ್ತು ಅವುಗಳ ಸುಳಿವೇ ಇರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ತೂಗಲು ಕುಳಿತರೆ ಕೆಟ್ಟ ಮೊಟ್ಟೆಯ ವಾಸನೆ ಸೀರೆಗೆ, ಕೂದಲಿಗೆ, ಉಗುರಿನ ಸಂದಿಗೆ ಸೇರಿಕೊಳ್ಳುತ್ತದೆ. ಸಂಜೆ ದಿಂಡಿಗಲ್‌ನಿಂದ ನಿಲಕ್ಕೋಟ್ಟೈಗೆ ಬಸ್ಸಿನಲ್ಲಿ ಬರುವಾಗ, ಖಾಲಿ ಹೂಬುಟ್ಟಿ ಮಡಿಲಲ್ಲಿಟ್ಟುಕೊಂಡ ಹೆಂಗಸರು ನನ್ನ ಪಕ್ಕದಿಂದ ಮೆಲ್ಲಗೆ ಸರಿದು ಕೂರುತ್ತಿದ್ದರು. "ಚೀಲದಲ್ಲಿ ಮೊಟ್ಟೆ ಒಡೆದಿದೆಯೇನೋ ನೋಡಕ್ಕಾ" ಎಂದು ಒಬ್ಬಾಕೆ ತಮಿಳಿನಲ್ಲಿ ಹೇಳಿದ್ದೂ ಉಂಟು. ನಾನು ಚೀಲದೊಳಗೆ ನೋಡುವವಳಂತೆ ನೋಡಿದೆ.

ನಾನು ಓದಿದ್ದು ತಮಿಳುನಾಡಿನ ದಿಂಡಿಗಲ್‌ನ ಒಂದು ಕಾನ್ವೆಂಟಿನಲ್ಲಿ. ಹುಟ್ಟಿದ್ದು ಮಾರ್ಕಯನ್‌ಕೋಟ್ಟೈಯಲ್ಲಿ, ಮದುವೆಯಾಗಿ ಬಂದದ್ದು ನಿಲಕ್ಕೋಟ್ಟೈಗೆ. ಎಷ್ಟೋ ತಲೆಮಾರಿನ ಹಿಂದೆ ಕನ್ನಡನಾಡಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಮನೆಮಾತು ಕನ್ನಡ. ಆದರೆ ಅದು ಬಾಯಿಮಾತು ಮಾತ್ರ, ಬರೆಯುವುದೆಲ್ಲ ತಮಿಳು. ಕನ್ನಡ ಅಕ್ಷರವನ್ನು ನನಗೆ ಕಲಿಸಿದವರು ಮಂಗಳೂರಿನ ಕಡೆಯಿಂದ ಬಂದಿದ್ದ ಒಬ್ಬ ಸಿಸ್ಟರ್. ನಮ್ಮ ಬಾಯಲ್ಲಿ 'ಹ' ನಿಲ್ಲುವುದಿಲ್ಲ, ಹೇಳು ಎನ್ನುವುದು ಏಳು ಆಗುತ್ತದೆ. ಅದನ್ನು ಕೇಳಿ ಅವರು ನಗುತ್ತಿದ್ದರು, ಆದರೆ ತಿದ್ದುತ್ತಿರಲಿಲ್ಲ. ಬಿ.ಎಸ್‌ಸಿ. ಮುಗಿಸಿ, ಮನೆ ನಡೆಸಿಕೊಂಡು ಮಕ್ಕಳನ್ನು ಶಾಲೆಗೆ ಹಾಕಿದ ಮೇಲೆ, ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಸಹಾಯಕಿಯಾಗಿ ಸೇರಿದೆ. ರಜೆಯ ಮೇಲೆ ಹೋದವರ ಜಾಗಕ್ಕೆ ಎಂದು ಕರೆದಿದ್ದರು. ಅಲ್ಲೇ ನಿವೃತ್ತಿಯೂ ಆಯಿತು. ಈಗ ಮತ್ತೆ ಮನೆಯವಳು.

ನಮ್ಮ ವಿಭಾಗದ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಹೀಗೆ: ತಾಮ್ರ ಈ ಪುಟ್ಟ ಥಯಾಲ್‌ಗಳ ಜೊತೆ ಕೂಡಿಕೊಂಡಾಗ, ಆ ಜೋಡಿ ಹೋಗಿ ಡಿಎನ್ಎಯನ್ನು ಹಿಡಿಯುತ್ತದೆಯೇ, ಹಿಡಿದರೆ ಎಲ್ಲಿ, ಎಷ್ಟು ಗಟ್ಟಿಯಾಗಿ? ತಾಮ್ರವಿಲ್ಲದೆ ಮೈ ನಡೆಯುವುದಿಲ್ಲ, ಹೆಚ್ಚಾದರೆ ಕೆಡುತ್ತದೆ. ಆದ್ದರಿಂದ ಈ ಪ್ರಶ್ನೆ.

ಸೇರಿದ ಹೊಸತರಲ್ಲಿ ನನಗೆ ಇದರ ತಲೆಬುಡ ತಿಳಿದಿರಲಿಲ್ಲ. ನಮ್ಮ ಪ್ರೊಫೆಸರ್ ಒಂದು ದಿನ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಲ್ಯಾಬಿಗೆ ಮುಡಿದುಕೊಂಡು ಬರಬಾರದು ಎಂಬ ನಿಯಮವನ್ನು ಮರೆತು ಮಲ್ಲಿಗೆ ಮುಡಿದು ಬಂದಿದ್ದೆ. ಬೈಯುತ್ತಾರೆ ಎಂದುಕೊಂಡೆ. ಅವರು ಮಾಲೆಯನ್ನು ಕೇಳಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಇದನ್ನು ಹೇಗೆ ಕಟ್ಟುತ್ತೀಯಮ್ಮಾ?" ಅವರ ಮಾತು ತಮಿಳು, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ಕಡೆ ಎರಡು, ಆ ಕಡೆ ಎರಡು ಎದುರುಬದರಾಗಿ ಇಟ್ಟು, ನಡುವೆ ನಾರಿನ ಗಂಟು, ಸಾರ್."

"ಡಿಎನ್ಎಯೂ ಹೆಚ್ಚುಕಡಿಮೆ ಅಷ್ಟೇ. ಎದುರುಬದರು ಜೋಡಿಗಳು, ಉದ್ದಕ್ಕೂ. ಈಗ ಹೊರಗಿನದೊಂದು ಬಂದು ಎರಡು ಜೋಡಿಗಳ ಸಂದಿಯಲ್ಲಿ ತೂರಿಕೊಂಡರೆ ಮಾಲೆ ಉದ್ದವಾಗುತ್ತದೆ. ಹೊರಗಿನಿಂದ ತಾಗಿಕೊಂಡರೆ ಉದ್ದ ಹಾಗೇ ಇರುತ್ತದೆ. ನಾವು ಇಲ್ಲಿ ನೋಡುವುದು ಇಷ್ಟೇ. ಹೂವನ್ನು ಹೊರಗಿಟ್ಟು ಬಾ."

ಆ ಮೇಲೆ ಅವರು ನನಗೆ ಏನನ್ನೂ ಕುಳಿತು ಕಲಿಸಲಿಲ್ಲ. ಅದೊಂದೇ ಸಾಕಾಗಿತ್ತು. ಅವರು ದೊಡ್ಡ ದನಿಯಲ್ಲಿ ಮಾತಾಡಿದವರಲ್ಲ. ಯಾರು ಯಾವ ಫಲಿತಾಂಶ ತಂದು ತೋರಿಸಿದರೂ ಕಾಗದವನ್ನು ಹಿಂದಕ್ಕೆ ಸರಿಸಿ "ಇನ್ನೊಂದು ಸಲ" ಎನ್ನುವರು. ಕೆಟ್ಟ ಫಲಿತಾಂಶಕ್ಕೂ ಅದೇ, ಒಳ್ಳೆಯದಕ್ಕೂ ಅದೇ. ಹುಡುಗಿಯರು ಬಚ್ಚಲಿಗೆ ಹೋಗಿ ಅತ್ತು ಬರುವರು. ಮುಖ ತೊಳೆದುಕೊಂಡು ಬಂದು ಇನ್ನೊಂದು ಸಲ ಮಾಡುವರು.

ಡಿಎನ್ಎ ಬರುತ್ತಿದ್ದುದು ಚಿಕ್ಕ ಬಾಟಲಿಯಲ್ಲಿ, ಎಳೆ ಬೂರುಗದ ಹತ್ತಿಯಂತೆ ಬೆಳ್ಳಗೆ. ಕರುವಿನ ಕುತ್ತಿಗೆಯ ಕೆಳಗಿನ ಒಂದು ಗ್ರಂಥಿಯಿಂದ ತೆಗೆದದ್ದು. ನಮ್ಮವರಲ್ಲಿ ದನವೆಂದರೆ ದೇವರು. ಇದನ್ನು ನಾನು ಮನೆಯಲ್ಲಿ ಬಾಯಿ ತಪ್ಪಿ ಹೇಳಿದೆ. ಮರುದಿನದಿಂದ ನಾನು ಬರುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಒಂದು ಕೊಡ ನೀರು, ಒಗೆದ ಸೀರೆ ಇರುತ್ತಿತ್ತು. "ಮಿಂದ್ಕಂಡು ಒಳಕ್ಕ ಬಾ, ಕಣ್ಣು. ಕಾಪಿ ಆರೋಯ್ತದ" ಎಂದು ಅತ್ತೆ ಒಳಗಿನಿಂದ ಹೇಳುವರು. ಅವರು ತೀರಿಕೊಂಡ ಮೇಲೂ ನಾನು ಹಿತ್ತಲ ಬಾಗಿಲಿನಿಂದಲೇ ಬರುತ್ತಿದ್ದೆ.

ಆ ಹತ್ತಿಯನ್ನು ದ್ರಾವಣದಲ್ಲಿ ಹಾಕಿ ತಣ್ಣಗೆ ಇಟ್ಟು, ತಾನಾಗಿ ಕರಗಲು ಬಿಡಬೇಕು. ಆತುರಕ್ಕೆ ಅಲ್ಲಾಡಿಸಿದರೆ ಎಳೆ ತುಂಡಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಲೆಕ್ಕದಲ್ಲಿ ಕಾಣುತ್ತದೆ. ಒಬ್ಬ ಹುಡುಗಿ ಮಜ್ಜಿಗೆ ಕಡೆದಂತೆ ಕಡೆದು, ವಾರವೆಲ್ಲ ತಪ್ಪು ಉತ್ತರ ತೆಗೆದಳು. ಗ್ಲುಟಥಯೋನ್ ಅದಕ್ಕೆ ತಿರುಗುಮುರುಗು. ಅದನ್ನು ಆಗಿಂದಾಗ ಕಲಸಿ ಆಗಿಂದಾಗ ಬಳಸಬೇಕು, ಗಾಳಿ ತಾಗಿದರೆ ಕೆಡುತ್ತದೆ. ನಾನು ಸೇರಿದಾಗ ಗಾಳಿ ಕಳೆಯುವ ಉಪಾಯವೇನೂ ಇರಲಿಲ್ಲ. ಬೇಗ ಬೇಗ ಮಾಡುವುದೇ ಉಪಾಯ. ಆಮೇಲೆ ಸಾರಜನಕದ ಸಿಲಿಂಡರ್ ಬಂತು, ದ್ರಾವಣದೊಳಗೆ ಗುಳುಗುಳು ಎಂದು ಹಾಯಿಸುತ್ತಿದ್ದೆವು. ಮೊದಲು ಅಳೆಯುವ ಯಂತ್ರದ ಪೆನ್ನು ಗ್ರಾಫ್ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಶಾಯಿ ಒಣಗಿದರೆ ಗೆರೆ ನಿಲ್ಲುತ್ತಿತ್ತು, ನಿಂತದ್ದು ನಮಗೆ ಗೊತ್ತಾಗುತ್ತಿತ್ತು. ಈಗ ಪರದೆಯ ಮೇಲೆ ಗೆರೆ ಬರುತ್ತದೆ, ಅದಕ್ಕೆ ಶಾಯಿ ಒಣಗುವುದಿಲ್ಲ. ಪರದೆಯ ಗೆರೆಯನ್ನು ಹುಡುಗಿಯರು ಬೇಗ ನಂಬುತ್ತಾರೆ. ಇದು ನನಗೆ ಅಷ್ಟು ಹಿತವಲ್ಲ.

ನೀಲಿ ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ತಾಮ್ರದ ದ್ರಾವಣ ನೀಲಿ. ಅದಕ್ಕೆ ಗ್ಲುಟಥಯೋನ್ ಸಾಕಷ್ಟು ಸೇರಿಸಿದರೆ ನೀಲಿ ಹೊರಟುಹೋಗಿ ನೀರಿನಂತಾಗುತ್ತದೆ. ನೋಡುವವರಿಗೆ ತಾಮ್ರವೇ ಹೋಯಿತು ಅನ್ನಿಸುತ್ತದೆ. ಹೋಗಿರುವುದಿಲ್ಲ. ರೂಪ ಬದಲಿಸಿ, ಆ ಪುಟ್ಟ ಅಣುವಿನ ತೋಳಿನಲ್ಲಿ ಕುಳಿತಿರುತ್ತದೆ ಅಷ್ಟೆ.

ಈ ನೀಲಿಯನ್ನು ಹುಡುಕಿಕೊಂಡೇ ಬಂದವಳು ಜೋತಿಮಣಿ.

ಅವಳು ತೇವಾರ ಎಂಬ ಊರಿನವಳು, ನಮ್ಮವರ ಹುಡುಗಿ. ಡಾಕ್ಟರೇಟ್ ಮಾಡಲು ಸೇರಿದ ದಿನವೇ ನನ್ನ ಮಾತಿನ ಎಳೆತ ಕೇಳಿ ಗುರುತು ಹಿಡಿದು, ಎಲ್ಲರೂ ಅಕ್ಕಾ ಎಂದರೆ ತಾನು ಅತ್ತೆ ಎನ್ನತೊಡಗಿದಳು. ಅವಳ ಅಪ್ಪ ದ್ರಾಕ್ಷಿತೋಟದವರು. ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಎಂದರೆ ಮೈಲುತುತ್ತ. ತಾಮ್ರದ ಆ ನೀಲಿ ಹರಳನ್ನು ಸುಣ್ಣದ ನೀರಿನ ಜೊತೆ ಕಲಸಿ ಬಳ್ಳಿಗೆ ಹೊಡೆಯುತ್ತಾರೆ, ಎಲೆಗೆ ಬೂಷ್ಟು ಹತ್ತದಿರಲಿ ಎಂದು. ಹೊಡೆಯುವವರ ಮುಂಗೈ, ರೆಪ್ಪೆ, ಹೆಗಲ ಮೇಲಿನ ತುಂಡುಬಟ್ಟೆ ಎಲ್ಲ ನೀಲಿ. ಅವಳ ಅಪ್ಪ ಹುಡುಗತನದಿಂದ ಅದನ್ನು ಹೊಡೆದವರು. ಈಗ ಉಸಿರು ಕಟ್ಟುತ್ತಿತ್ತು, ಮೈ ಇಳಿದಿತ್ತು. ದಿಂಡಿಗಲ್‌ನಲ್ಲಿ ಡಾಕ್ಟರಿಗೆ ತೋರಿಸಿ, ಒಂದು ಬುಟ್ಟಿ ಪನ್ನೀರು ದ್ರಾಕ್ಷಿ ಹೊತ್ತು ಲ್ಯಾಬಿಗೇ ಬಂದರು. ಬಾಗಿಲ ಬಳಿ ಚಪ್ಪಲಿ ಬಿಟ್ಟರು. ಮೇಜಿನ ಮೇಲಿದ್ದ ನೀಲಿ ಫ್ಲಾಸ್ಕ್ ನೋಡಿ ಮುಖ ಅರಳಿತು.

"ಏನ್ ತಾಯಿ, ಇದು ನಮ್ ಮೈಲುತುತ್ತ ಅಲ್ವಾ? ಸೀಸೆಯಾಗ ಮಡಗಿ ಪೂಜ ಮಾಡ್ತೀರಾ?"

"ಪೂಜ ಅಲ್ಲಪ್ಪಾ, ಆರಾಯ್ಚಿ" ಎಂದಳು ಜೋತಿಮಣಿ, ಸಂಶೋಧನೆಗೆ ತಮಿಳಿನ ಮಾತು ಹಾಕಿ.

"ಇಷ್ಟೇ ಇಷ್ಟಾ? ಇದು ಒಂದು ಎಲಗೂ ಸಾಲಲ್ಲ." ನನ್ನತ್ತ ತಿರುಗಿದರು. "ಏಳು ತಂಗಚ್ಚಿ, ನನ್ ಮಗಳು ಕೆಲಸ ಮಾಡ್ತಾಳಾ, ಇಲ್ಲಾ ಬಣ್ಣ ನೋಡ್ತಾ ಕೂತವಳಾ?"

"ಬಣ್ಣ ನೋಡೋದೇ ಕೆಲಸ, ಅಣ್ಣಾ" ಎಂದೆ.

ನಕ್ಕರು. ನಗು ಕೆಮ್ಮಾಯಿತು. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆವು. ಸ್ವಲ್ಪ ಸುಧಾರಿಸಿದ ಮೇಲೆ ಮಗಳಿಗೆ ಹೇಳಿದರು: "ಬಳ್ಳಿಗೆ ಮದ್ದು ಅದು. ನಂಗೆ ಏನಾಯ್ತು ಅಂತ ಡಾಕ್ಟರ್ ಏಳಲ್ಲ, ಕಾಗದ ಬರ್ದು ಕೊಡ್ತಾರೆ. ನೀನು ನೋಡಿ ಏಳು. ನನ್ ಒಳಗ ಅದು ಏನ್ ಮಾಡ್ತು? ನೀ ಏಳಿದ್ರೆ ನಾ ನಂಬ್ತೀನಿ."

ಅವಳು ತಲೆಯಾಡಿಸಿದಳು. ಗಾಜಿನ ಕೊಳವೆಯಲ್ಲಿ ನೋಡಿದ್ದು ಮನುಷ್ಯನ ಮೈಗೆ ಉತ್ತರವಾಗುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅದನ್ನು ಆ ಸ್ಟೂಲಿನ ಮುಂದೆ ನಿಂತು ಹೇಳುವುದು ಹೇಗೆ?

ನಾವು ಹಿಡಿತವನ್ನು ನೋಡುತ್ತಿದ್ದ ಒಂದು ರೀತಿ ಹೀಗಿತ್ತು. ಎಥಿಡಿಯಂ ಎಂಬ ಒಂದು ಬಣ್ಣವಿದೆ. ಅದು ಡಿಎನ್ಎಯ ಜೋಡಿಗಳ ಸಂದಿಗೆ ಹೋಗಿ ಕುಳಿತರೆ ಕಿತ್ತಳೆಯಾಗಿ ಹೊಳೆಯುತ್ತದೆ. ಆಮೇಲೆ ನಮ್ಮ ತಾಮ್ರದ ಜೋಡಿಯನ್ನು ಹಾಕಬೇಕು. ಅದು ಡಿಎನ್ಎಯನ್ನು ಹಿಡಿದರೆ ಬಣ್ಣಕ್ಕೆ ಜಾಗ ತಪ್ಪಿ ಹೊಳಪು ಇಳಿಯುತ್ತದೆ. ಹೊಳಪನ್ನು ಅಳೆಯುವ ಯಂತ್ರ ಫ್ಲೋರಿಮೀಟರ್. ಚೌಕನೆಯ ಪುಟ್ಟ ಗಾಜಿನ ಪಾತ್ರೆಯಲ್ಲಿ ದ್ರಾವಣ ತುಂಬಿ ಅದರೊಳಗಿಡುತ್ತೇವೆ. ಅದಕ್ಕೆ ಕ್ಯುವೆಟ್ ಎಂದು ಹೆಸರು.

ಜೋತಿಮಣಿಯ ಮೊದಲ ಫಲಿತಾಂಶದಲ್ಲಿ ಹೊಳಪು ಇಳಿಯಿತು. ಹಿಡಿಯುತ್ತದೆ. ಹುಡುಗಿಗೆ ಖುಷಿ, ಕಾರಿಡಾರಿನಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಡಿಎನ್ಎಯನ್ನು ಮನೆಮಾತಿನಲ್ಲಿ ಏನೆನ್ನುವುದು? ವಂಶದ ದಾರ ಎಂದಳು. ಹಿಡಿಯುತ್ತದೆ ಎನ್ನುವುದಕ್ಕೆ "ಅಂಟ್ತದ ಅಪ್ಪಾ, ತಾಮ್ರ ಅದಕ್ಕ ಓಗಿ ಅಂಟ್ತದ" ಎಂದಳು.

ಕರ್ನಾಟಕದ ಕಡೆ ಅಂಟು ಎಂದರೆ ಮೊದಲು ನೆನಪಾಗುವುದು ಗೋಂದು ಇರಬಹುದು. ನಮ್ಮ ಮನೆಗಳಲ್ಲಿ ಅಂಟು ಎಂದರೆ ಮೈಲಿಗೆ. ಮುಟ್ಟಿದವರಿಂದ ಮುಟ್ಟಿಸಿಕೊಂಡವರಿಗೆ ಹೋಗುವಂಥದ್ದು, ಮಿಂದರೂ ಕೆಲವು ಸಲ ಹೋಗದಂಥದ್ದು. ವಂಶದ ದಾರಕ್ಕೆ ಅಂಟು ಎಂದರೆ ಅವಳ ಅಪ್ಪನಿಗೆ ಏನು ಕೇಳಿಸಿತೋ ಅದು ಕೇಳಿಸಿತು. ಅಲ್ಲಿಗೇ ಫೋನ್ ಇಟ್ಟರಂತೆ.

ಅದಾದ ಮೇಲೆ ಅವರು ಊಟ ಕಡಿಮೆ ಮಾಡಿದರು. ಆಸ್ಪತ್ರೆಗೆ ಬರುವುದನ್ನು ಬಿಟ್ಟರು. ಜೋತಿಮಣಿಗೆ ಒಂದು ಸಂಬಂಧ ಬಂದು ಮಾತುಕತೆ ನಡೆಯುತ್ತಿತ್ತು. ಅದನ್ನು ನಿಲ್ಲಿಸಿ ಎಂದರು. ಅಮ್ಮ ಒತ್ತಾಯಿಸಿದಾಗ ಹೊರಬಿದ್ದ ಮಾತು ಇದು: "ನನ್ ದಾರ ತಾನೇ ಅವಳ ದಾರ. ನನ್ ಅಂಟು ಅವಳಿಗೂ ಬಂದದ. ಮುಚ್ಚಿಟ್ಟು ಇನ್ನೊಬ್ಬರ ಮನೆಗೆ ಎಂಗ ಕಳ್ಸದು?"

ಜೋತಿಮಣಿ ಊರಿಗೆ ಹೋಗಿ ಬಿಡಿಸಿ ಹೇಳಿದಳು. ಅದು ಆ ಅಂಟಲ್ಲ, ಬೇರೆ ಎಂದಳು. ಅವರು ಅವಳ ತಲೆ ಸವರಿ "ಸೆರಿ ತಾಯಿ" ಎಂದರು. ನಂಬಲಿಲ್ಲ. ಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡರು. ಹಿಂದಿರುಗಿ ಬಂದವಳು ಕ್ಯುವೆಟ್ ತೊಳೆಯುತ್ತ ನನಗೆ ಇಷ್ಟೇ ಹೇಳಿದಳು: "ಅತ್ತೆ, ಒಂದು ಮಾತು ತಪ್ಪಾಗಿ ಇಟ್ಬುಟ್ಟೆ. ಈಗ ಎಂಗ ಎತ್ತದು ತಿಳೀತಿಲ್ಲ."

ಆಯುಧಪೂಜೆ ಬಂತು. ನಮ್ಮ ವಿಭಾಗದಲ್ಲಿ ಆ ದಿನ ಯಂತ್ರಗಳನ್ನೆಲ್ಲ ಒರೆಸಿ ವಿಭೂತಿ, ಗಂಧ, ಕುಂಕುಮ ಇಟ್ಟು ಪುರಿ ಕಡಲೆ ಹಂಚುವುದು ವಾಡಿಕೆ. ಪ್ರೊಫೆಸರ್ ತಾವೇ ತೆಂಗಿನಕಾಯಿ ಒಡೆಯುವರು. ಆ ವರ್ಷ ಕುಂಕುಮ ಇಡುವ ಕೆಲಸವನ್ನು ಜೋತಿಮಣಿ ಕೇಳಿ ಪಡೆದಳು. ಅಂಗಡಿಯ ಪೊಟ್ಟಣದ ಕುಂಕುಮ, ಕಣ್ಣು ಕುಕ್ಕುವಷ್ಟು ಕೆಂಪು. ಫ್ಲೋರಿಮೀಟರಿನ ಮುಚ್ಚಳಕ್ಕೆ ಇಟ್ಟಳು, ತಕ್ಕಡಿಗೆ ಇಟ್ಟಳು, ಕ್ಯುವೆಟ್ ತೊಳೆಯಲು ದಿನವೂ ಕೈಯಲ್ಲಿ ಹಿಡಿಯುವ ನೀರಿನ ಪಿಚಕಾರಿ ಬಾಟಲಿಯ ಕೊರಳಿಗೂ ಇಟ್ಟು ಕೈಮುಗಿದಳು. ಅವಳು ಏನು ಬೇಡಿಕೊಂಡಳು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ರಜೆ ಮುಗಿದು ಪ್ರಯೋಗ ಶುರುವಾಯಿತು. ಹೊಳಪು ಇಳಿಯಲಿಲ್ಲ. ತಾಮ್ರದ ಜೋಡಿಯನ್ನು ಎಷ್ಟು ಸೇರಿಸಿದರೂ ಇದ್ದಷ್ಟೇ ಇತ್ತು. ಮರುದಿನವೂ ಹಾಗೆಯೇ. ಅಂದರೆ ಹಿಡಿಯುವುದಿಲ್ಲ, ಮೊದಲಿನದೇ ತಪ್ಪು.

ಹೀಗಾದಾಗ ಬೇರೆ ಹುಡುಗಿಯರು ಕಂಗಾಲಾಗುತ್ತಾರೆ. ಇವಳ ಕಣ್ಣಲ್ಲಿ ನೀರು ಬಂತು, ಆದರೆ ಅದು ಬೇರೆ ನೀರು. ಪ್ರೊಫೆಸರಿಗೆ ತೋರಿಸುವ ಮೊದಲೇ ಊರಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಪಿಪೆಟ್ ಒಣಗಿಸುತ್ತಿದ್ದೆ.

"ಅಪ್ಪಾ, ಅಂಟಲ್ಲ. ಎರಡು ದಿನ ನೋಡ್ದೆ. ತಾಮ್ರ ಅದನ್ನ ಮುಟ್ಟೋದೇ ಇಲ್ಲ."

ಸಂಜೆ ಅವಳ ಅಮ್ಮ ಫೋನ್ ಮಾಡಿದರು. ಅಪ್ಪ ಸ್ನಾನ ಮಾಡಿ, ತಾವಾಗಿ ತಟ್ಟೆ ಹಾಕಿಕೊಂಡು ಕೂತು, ಎರಡನೆಯ ಸಲ ಅನ್ನ ಹಾಕಿಸಿಕೊಂಡರಂತೆ. ಸಂಬಂಧದವರಿಗೆ ಹೇಳಿ ಕಳಿಸು ಎಂದರಂತೆ.

ಮರುದಿನ ಪ್ರೊಫೆಸರ್ ಗೆರೆಗಳನ್ನು ನೋಡಿದರು. ಕಾಗದವನ್ನು ಹಿಂದಕ್ಕೆ ಸರಿಸಿದರು. ಅವಳಿಗೆ ಮೊದಲ ಬಾರಿ ಸಿಟ್ಟು ಬಂತು.

"ಸಾರ್, ಎರಡು ಸಲ ಮಾಡಿದ್ದೇನೆ."

"ಬರೀ ನೀರು ಇಟ್ಟು ನೋಡಿದೆಯಾ?"

"ಪೂಜೆಗೆ ಮುಂಚೆ ನೋಡಿದ್ದೆ, ಸಾರ್."

"ಯಂತ್ರಕ್ಕೆ ಪೂಜೆ ಗೊತ್ತಿಲ್ಲಮ್ಮಾ. ಇವತ್ತಿನ ನೀರನ್ನು ಇವತ್ತು ನೋಡು."

ಅವಳು ಕ್ಯುವೆಟ್ ತೊಳೆದು ಬರೀ ನೀರು ತುಂಬಿ ಇಟ್ಟಳು. ಡಿಎನ್ಎ ಇಲ್ಲ, ಎಥಿಡಿಯಂ ಇಲ್ಲ, ತಾಮ್ರ ಇಲ್ಲ. ಪರದೆಯ ಮೇಲೆ ಕಿತ್ತಳೆ ಹೊಳಪಿನ ಗುಡ್ಡ ಎದ್ದಿತು. ಗಾಜಿನಲ್ಲಿ ಏನೋ ಉಳಿದಿದೆ ಎಂದು ಇನ್ನಷ್ಟು ತೊಳೆದಳು. ಗುಡ್ಡ ಇನ್ನೂ ಎತ್ತರವಾಯಿತು. ತೊಳೆದಷ್ಟೂ ಎತ್ತರ. ಆಗ ಅವಳು ಕೈಯಲ್ಲಿದ್ದ ಪಿಚಕಾರಿ ಬಾಟಲಿಯನ್ನು ತಿರುಗಿಸಿ ನೋಡಿದಳು. ಕೊರಳಿಗಿಟ್ಟ ಕುಂಕುಮ ಒದ್ದೆ ಕೈಗವಸು ತಾಗಿ ಕರಗಿ, ಎಳೆ ಗುಲಾಬಿ ಗೆರೆಯಾಗಿ ಮೂತಿಯವರೆಗೂ ಇಳಿದಿತ್ತು. ಆ ಕುಂಕುಮದ ಬಣ್ಣವೂ ಎಥಿಡಿಯಂ ಹೊಳೆಯುವ ಜಾಗದಲ್ಲೇ ಹೊಳೆಯುತ್ತದೆ. ಡಿಎನ್ಎಯ ಹೊಳಪು ಇಳಿಯುತ್ತಿದ್ದಂತೆ ಇದು, ತೊಳೆದ ಪ್ರತಿ ಸಲವೂ ಕ್ಯುವೆಟ್ಟಿಗೆ ಸೇರಿ ಏರುತ್ತ, ಲೆಕ್ಕವನ್ನು ಸಮ ಮಾಡುತ್ತಿತ್ತು.

ಅವಳು ಕೈಗವಸು ಬಿಚ್ಚಿ ಸ್ಟೂಲಿನ ಮೇಲೆ ಕುಳಿತಳು. ಯಾರೂ ನಗಲಿಲ್ಲ. ಪ್ರೊಫೆಸರ್ ಆ ಬಾಟಲಿಯನ್ನು ತಾವೇ ತೆಗೆದು ಬದಿಗಿಟ್ಟು, ಬೀರುವಿನಿಂದ ಹೊಸದೊಂದನ್ನು ತಂದು ಅವಳ ಮುಂದೆ ಇಟ್ಟರು.

ಹೊಸ ಬಾಟಲಿಯಲ್ಲಿ ಹೊಳಪು ಮತ್ತೆ ಇಳಿಯಿತು. ಹಿಡಿಯುತ್ತದೆ. ಆದರೆ ಈ ಸಲ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಹಿಡಿದ ಮೇಲೆ ಏನಾಗುತ್ತದೆ ಎಂದು ನೋಡುತ್ತ ಹೋದಳು. ನಮ್ಮ ಕೊಳವೆಯಲ್ಲಿ ಕಂಡದ್ದು ಇದು: ಹಿಡಿತ ಸಡಿಲ, ಸಂದಿಯೊಳಗೆ ತೂರಿದ ಗುರುತಿಲ್ಲ. ಗ್ಲುಟಥಯೋನ್ ಇನ್ನಷ್ಟು ಹಾಕಿದರೆ ತಾಮ್ರ ಡಿಎನ್ಎಯನ್ನು ಬಿಟ್ಟು ಅದರ ಜೊತೆ ಹೊರಟುಬಿಡುತ್ತಿತ್ತು. ತಂದು ಬಿಡುವುದೂ ಅದೇ ಪುಟ್ಟ ಅಣು, ಕರೆದುಕೊಂಡು ಹೋಗುವುದೂ ಅದೇ. ಪ್ರೊಫೆಸರ್ ಇದಕ್ಕೂ ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಹಾಗೇ ಬಂತು.

ಈಗ ಊರಿಗೆ ಹೋಗಬೇಕಾಗಿತ್ತು. ಇಲ್ಲವೆಂದು ಹೇಳಿ ಎರಡು ತುತ್ತು ಹೆಚ್ಚಿಗೆ ಉಣ್ಣಿಸಿದ್ದನ್ನು ಈಗ ಹೌದೆಂದು ಹೇಳಬೇಕು. ಹೇಳದೆ ಬಿಟ್ಟರೆ ಕೇಳುವವರಾರು? ಪ್ರಬಂಧವನ್ನು ಅಪ್ಪ ಓದುವುದಿಲ್ಲ. ಬಸ್ ನಿಲ್ದಾಣದಲ್ಲಿ ಅವಳು ಇದನ್ನೇ ನನ್ನ ಬಳಿ ಹೇಳಿದಳು. "ಸುಮ್ನೆ ಇದ್ಬುಡ್ಲಾ ಅತ್ತೆ? ಅಪ್ಪ ಉಣ್ತವರೆ." ತೇವಾರದ ಬಸ್ ಬಂದಾಗ ಅವಳೇ ಮೊದಲು ಹತ್ತಿದಳು, ನಾನು ಜೊತೆಗೆ ಹೋದೆ.

ಅವಳ ಅಪ್ಪ ತೋಟದ ಪಂದಲಿನ, ಅಂದರೆ ಬಳ್ಳಿಚಪ್ಪರದ ಕೆಳಗೆ ಹಗ್ಗದ ಮಂಚದ ಮೇಲಿದ್ದರು. ಎಲೆಗಳ ನಡುವಿನಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಅವರ ಬನಿಯನ್ ಮೇಲೆ ಬಿದ್ದಿತ್ತು. ಆಚೆ ಬದಿಯಲ್ಲಿ ಅವರ ತಮ್ಮ ಪೀಪಾಯಿಯಲ್ಲಿ ಮೈಲುತುತ್ತ ಕಲಸುತ್ತಿದ್ದ.

ಜೋತಿಮಣಿ ನೆಲದ ಮೇಲೆ, ಮಂಚದ ಕಾಲಿನ ಹತ್ತಿರ ಕುಳಿತಳು. ಕುಂಕುಮದ ಕಥೆಯನ್ನೆಲ್ಲ ಹೇಳಿದಳು. "ಅಂಟಲ್ಲ ಅಂತ ಏಳಿದ್ದು ಸುಳ್ಳಪ್ಪಾ. ನಾ ಬೇಕಂತ ಏಳಿದ್ದಲ್ಲ. ಆದ್ರೂ ಸುಳ್ಳು."

ಅವರ ಕೈ ಮಂಚದ ಹಗ್ಗವನ್ನು ಹಿಡಿದುಕೊಂಡಿತು. "ಅಂಗಾದ್ರೆ ಅಂಟ್ತದ."

"ಅಂಟು ಅಂತ ನಾ ಏಳಿದ್ದೇ ತಪ್ಪು. ತಂಗ್ತದಪ್ಪಾ. ದಾರಿಯಾಗ ಓಗೋರು ಜಗಲಿ ತಿಣ್ಣೆ ಮೇಲೆ ಸೊಲ್ಪ ಒತ್ತು ತಂಗಿದ್ದು, ಕರೆಯೋರು ಬಂದ್ರೆ ಎದ್ದು ಓಯ್ತಾರಲ್ಲ, ಅಂಗೆ. ಕರೆಯೋದೂ ನಮ್ ಮೈಯಾಗೇ ಅದೆ. ಅದು ಸೀಸೆಯಾಗ ನಾ ನೋಡಿದ್ದು. ನಿನ್ ಮೈಯಾಗ ಏನಾಯ್ತು, ನಂಗೆ ಗೊತ್ತಿಲ್ಲ."

"ನಿಂಗೆ ಬಂದದಾ?"

"ಬಂದದ ಅಂತ ಏಳಕ್ಕೆ ನನ್ ತಾವ ಏನೂ ಇಲ್ಲಪ್ಪಾ. ಯಾರ ತಾವನೂ ಇಲ್ಲ."

"ಇಷ್ಟು ಓದಿ, ಗೊತ್ತಿಲ್ಲ ಅನ್ನಕ್ಕೆ ಇಷ್ಟು ದೂರ ಬಂದ್ಯಾ?"

"ಊಂ" ಎಂದಳು.

ಅವರು ಮೇಲಿನ ಎಲೆಗಳತ್ತ ನೋಡಿದರು. ಉಸಿರು ಸುಯ್ ಎನ್ನುವುದು ನನಗೂ ಕೇಳಿಸುತ್ತಿತ್ತು. ಆಮೇಲೆ ಹೇಳಿದರು: "ಮೊದ್ಲು ಅಂಟ್ತದ ಅಂದೆ. ಆಮ್ಯಾಕ ಅಂಟಲ್ಲ ಅಂದೆ. ಈಗ ಗೊತ್ತಿಲ್ಲ ಅಂತೀಯ. ಮೂರ್ರಾಗ ನಂಬಂಗೆ ಇರೋದು ಇದೊಂದೇ ತಾಯಿ."

ತಮ್ಮನನ್ನು ಕೂಗಿದರು. ಅವನು ಕೈ ಒರೆಸಿಕೊಳ್ಳುತ್ತ ಬಂದ, ಮೊಣಕೈವರೆಗೂ ನೀಲಿ. "ಬಗ್ಗು" ಎಂದರು. ತಮ್ಮದೇ ಹೆಗಲ ಮೇಲಿನ ತುಂಡುಬಟ್ಟೆಯನ್ನು ತೆಗೆದು, ಕೊಡವಿ, ಎರಡು ಮಡಿಕೆ ಮಾಡಿ, ಅವನ ಮೂಗು ಬಾಯಿ ಮುಚ್ಚುವಂತೆ ಹಿಂದಲೆಗೆ ಎಳೆದು ಕಟ್ಟಿದರು. ಗಂಟು ಸರಿಯಾಗಿದೆಯೇ ಎಂದು ಬೆರಳು ಹಾಕಿ ನೋಡಿದರು.

"ಈಗ ಓಗಿ ಮದ್ದು ಒಡಿ" ಎಂದರು.